ಬೀಗದಕೈ ಹಲವರ ಕೈಯಲ್ಲಿ

1981ರ ಮಾರ್ಚ್ 30. ವಾಷಿಂಗ್ಟನ್ನಿನ ಹಿಲ್ಟನ್ ಹೋಟೆಲಿನಲ್ಲಿ ಭಾಷಣ ಮುಗಿಸಿ ಹೊರಬಂದ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಇನ್ನೇನು ಕಾರು ಹತ್ತಬೇಕು, ಅಷ್ಟರಲ್ಲಿ ಎರಡು ಸೆಕೆಂಡಿನೊಳಗೆ ಆರು ಗುಂಡು ಹಾರಿದವು. ರೇಗನ್ ಸೇರಿ ನಾಲ್ವರು ಗಾಯಗೊಂಡರು. ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಗುಂಡು ತಗುಲಿ ಜೀವನಪೂರ್ತಿ ಅಂಗವಿಕಲರಾದರು. ಗುಂಡು ಹಾರಿಸಿದವನು 25 ವರ್ಷದ ಜಾನ್ ಹಿಂಕ್ಲಿ. ಜೋಡಿ ಫಾಸ್ಟರ್ ಎಂಬ ಸಿನಿಮಾ ನಟಿಯ ಕಣ್ಣಿಗೆ ಬೀಳಬೇಕೆಂಬುದೇ ಅವನ ಗುರಿಯಾಗಿತ್ತು.

ಎಲ್ಲವೂ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಆದರೂ 1982ರ ಜೂನ್ 21ರಂದು ಜ್ಯೂರಿ ಕೊಟ್ಟ ತೀರ್ಪು: ಮಾನಸಿಕ ಅಸ್ವಸ್ಥತೆಯ ಕಾರಣದಿಂದ ನಿರ್ದೋಷಿ. ‘ಹುಚ್ಚನ ನಾಟಕ ಆಡಿ ಬಚಾವಾದ’ ಎಂದು ಅಮೆರಿಕದ ಜನ ಕೆರಳಿದರು. ನಮ್ಮ ಸಿನಿಮಾಗಳಲ್ಲೂ ವಕೀಲರು ಈ ಉಪಾಯ ಹೇಳಿಕೊಡುವ ದೃಶ್ಯಗಳಿಗೆ ಕೊರತೆಯಿಲ್ಲ.

ನಲವತ್ತು ವರ್ಷಗಳ ನಂತರ, 2022ರ ಜೂನ್ 15ರಂದು, ಹಿಂಕ್ಲಿ ಯಾವ ಷರತ್ತೂ ಇಲ್ಲದೆ ಸ್ವತಂತ್ರನಾದ. ಆಗ ಅವನಿಗೆ 67. ಅಧ್ಯಕ್ಷರಿಗೇ ಗುಂಡಿಟ್ಟವನನ್ನು ಊರೊಳಗೆ ಬಿಡಬಹುದು ಎಂದು ಹೇಳುವ ಧೈರ್ಯ ಯಾರಿಗೆ ಬಂತು? ಅವರು ಯಾವುದನ್ನು ನೋಡಿ ಹಾಗೆ ಹೇಳಿದರು? ನಾಳೆ ಏನಾದರೂ ಆದರೆ ಹೊಣೆ ಯಾರದು?

ಈ ಅಧ್ಯಾಯ ಆ ಪ್ರಶ್ನೆಗಳ ಬೆನ್ನುಹತ್ತಿ ಹೋಗುತ್ತದೆ.

ಒಂದು ಜಾಕೆಟ್ಟಿಗೆ ಎಷ್ಟು ವರ್ಷ?

ಮೊದಲು ‘ಬಚಾವಾದ’ ಎಂಬ ಮಾತನ್ನು ನೋಡೋಣ. 1975ರಲ್ಲಿ ಅದೇ ವಾಷಿಂಗ್ಟನ್ನಿನಲ್ಲಿ ಮೈಕೆಲ್ ಜೋನ್ಸ್ ಎಂಬಾತ ಅಂಗಡಿಯೊಂದರಿಂದ ಜಾಕೆಟ್ ಕದಿಯಲು ಹೋಗಿ ಸಿಕ್ಕಿಬಿದ್ದ. ಆ ಅಪರಾಧಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು. ಮಾನಸಿಕ ಅಸ್ವಸ್ಥತೆಯ ಕಾರಣಕ್ಕೆ ನಿರ್ದೋಷಿ ಎನಿಸಿಕೊಂಡ ಅವನನ್ನು ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಗೆ ಸೇರಿಸಲಾಯಿತು. ಮುಂದೆ ಹಿಂಕ್ಲಿಯನ್ನು ಇಟ್ಟದ್ದೂ ಅಲ್ಲಿಯೇ. ವರ್ಷ ಕಳೆದರೂ ಬಾಗಿಲು ತೆರೆಯಲಿಲ್ಲ. ಜೋನ್ಸ್ ಸುಪ್ರೀಂ ಕೋರ್ಟಿನವರೆಗೆ ಹೋದ. 1983ರಲ್ಲಿ ಕೋರ್ಟು ಹೇಳಿದ್ದಿಷ್ಟು: ಇದು ಶಿಕ್ಷೆ ಅಲ್ಲವಾದ್ದರಿಂದ ಶಿಕ್ಷೆಯ ಅವಧಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ; ಕಾಯಿಲೆ ವಾಸಿಯಾಗುವವರೆಗೆ ಅಥವಾ ಅಪಾಯ ತಪ್ಪುವವರೆಗೆ ಇರಿಸಿಕೊಳ್ಳಬಹುದು.

ಜೈಲಿಗೆ ಹೋದವನು ಹೊರಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಲ್ಲ. ನ್ಯಾಯಾಲಯದ ಆದೇಶದ ಮೇಲೆ ಮಾನಸಿಕ ಆಸ್ಪತ್ರೆ ಸೇರಿದವನಿಗೆ ಅಂಥ ದಿನವೇ ಇಲ್ಲ. ಇಂಥವರನ್ನು ಇಂಗ್ಲಿಷಿನಲ್ಲಿ ಫೊರೆನ್ಸಿಕ್ ಪೇಷೆಂಟ್ ಎನ್ನುತ್ತಾರೆ. ಇಲ್ಲಿ ‘ನ್ಯಾಯಾಲಯದ ರೋಗಿಗಳು’ ಎನ್ನೋಣ.

ಈ ಏರ್ಪಾಡಿನ ಬೇರು ಲಂಡನ್ನಿನಲ್ಲಿದೆ. 1843ರ ಜನವರಿಯಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸದವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಗುಂಡಿಟ್ಟು ಕೊಂದ. ಪೀಲರ ಪಕ್ಷದವರು ತನ್ನನ್ನು ಹಗಲಿರುಳು ಹಿಂಬಾಲಿಸುತ್ತಿದ್ದಾರೆ ಎಂಬ ಭ್ರಮೆ ಅವನದು. ಅವನು ನಿರ್ದೋಷಿ ಎಂದಾಗ ಎದ್ದ ಗದ್ದಲಕ್ಕೆ ಉತ್ತರವಾಗಿ ನ್ಯಾಯಾಧೀಶರು ರೂಪಿಸಿದ ನಿಯಮವೇ 1860ರಲ್ಲಿ ಭಾರತೀಯ ದಂಡ ಸಂಹಿತೆಯ 84ನೇ ಕಲಮಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿ ಉಳಿದಿದೆ. ಕೃತ್ಯ ಎಸಗುವ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಎಂದು ತಿಳಿಯಲಾಗದಷ್ಟು ಮನಸ್ಸು ಕೆಟ್ಟಿದ್ದವನು ಅಪರಾಧಿಯಲ್ಲ ಎಂಬುದು ಅದರ ತಿರುಳು. ಮೆಕ್‌ನಾಟನ್ ಮಾತ್ರ ಮನೆಗೆ ಹೋಗಲೇ ಇಲ್ಲ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯಲ್ಲಿ ಎರಡು ದಶಕ ಕಳೆದು, 1863ರಲ್ಲಿ ಹೊಸದಾಗಿ ತೆರೆದಿದ್ದ ಬ್ರಾಡ್‌ಮೂರ್ ಆಸ್ಪತ್ರೆಗೆ ವರ್ಗವಾಗಿ, 1865ರಲ್ಲಿ ಅಲ್ಲಿಯೇ ಸತ್ತ.

ಆ ಕಾಲದಲ್ಲಿ ರೋಗಕ್ಕೆ ಔಷಧಿ ಇರಲಿಲ್ಲ, ಹಾಗಾಗಿ ಬಿಡುಗಡೆಯ ಪ್ರಶ್ನೆಯೂ ದೊಡ್ಡದಾಗಿರಲಿಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಂತು. ದನಿಗಳು ಕೇಳುವುದು ನಿಂತಿತು, ಭ್ರಮೆಗಳು ಕರಗಿದವು. ಕಾಯಿಲೆ ಹತೋಟಿಗೆ ಬಂದ ಮನುಷ್ಯನನ್ನು ಯಾವ ನೆವದ ಮೇಲೆ ಕೂಡಿಹಾಕುವುದು? 1992ರಲ್ಲಿ ಫೌಚಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದಕ್ಕೂ ಉತ್ತರ ಕೊಟ್ಟಿತು. ಕಾಯಿಲೆ ಇಲ್ಲ ಎಂದಾದ ಮೇಲೆ, ‘ಅಪಾಯಕಾರಿ ಇರಬಹುದು’ ಎಂಬ ಅನುಮಾನವೊಂದನ್ನೇ ಹಿಡಿದು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಭವಿಷ್ಯ ಹೇಳಲು ಹೋಗಿ ಸೋತವರು

ಹಾಗಾದರೆ ಅಪಾಯ ತಪ್ಪಿದೆ ಎಂದು ಹೇಳಬೇಕಾದವರು ಯಾರು? ಬಹುಕಾಲ ಆ ಕೆಲಸ ಒಬ್ಬ ಮನೋವೈದ್ಯರದ್ದಾಗಿತ್ತು. ರೋಗಿಯನ್ನು ಎದುರು ಕೂರಿಸಿಕೊಂಡು ಮಾತಾಡಿಸಿ, ‘ಇವನು ಅಪಾಯಕಾರಿ’ ಅಥವಾ ‘ಅಲ್ಲ’ ಎಂದು ಬರೆದುಕೊಡುತ್ತಿದ್ದರು. ಆ ಬರಹ ಎಷ್ಟು ನಂಬಿಕೆಗೆ ತಕ್ಕದ್ದು ಎಂದು ತಿಳಿದದ್ದು ಆಕಸ್ಮಿಕವಾಗಿ.

ನ್ಯೂಯಾರ್ಕ್ ರಾಜ್ಯದಲ್ಲಿ ಜಾನಿ ಬ್ಯಾಕ್ಸ್‌ಟ್ರಮ್ ಎಂಬ ಕೈದಿಯ ಶಿಕ್ಷೆ ಮುಗಿದಿದ್ದರೂ ಅವನನ್ನು ಮಾನಸಿಕ ರೋಗಿ ಎಂದು ಭದ್ರತಾ ಆಸ್ಪತ್ರೆಯಲ್ಲೇ ಉಳಿಸಿಕೊಂಡಿದ್ದರು. 1966ರಲ್ಲಿ ಸುಪ್ರೀಂ ಕೋರ್ಟು ಇದು ತಪ್ಪೆಂದಿತು. ಒಂದೇ ತೀರ್ಪಿನಿಂದ ಅವನಂಥ 967 ಜನರನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಎಲ್ಲರೂ ‘ಬಿಟ್ಟರೆ ಅನಾಹುತ’ ಎಂದು ವೈದ್ಯರಿಂದ ಬರೆಸಿಕೊಂಡವರೇ. ಆ ಆಸ್ಪತ್ರೆಗಳ ಸಿಬ್ಬಂದಿ ಹೆದರಿ ಕೂತರು.

ಹೆದರಿದಂತೆ ಏನೂ ಆಗಲಿಲ್ಲ. ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಜಾ ಎಂಬ ಸಮಾಜಶಾಸ್ತ್ರಜ್ಞರು ನಾಲ್ಕು ವರ್ಷ ಇವರ ಜಾಡು ಹಿಡಿದು ನೋಡಿದರು. ಆ ಅವಧಿಯಲ್ಲಿ ಒಮ್ಮೆಯಾದರೂ ಯಾರ ಮೇಲಾದರೂ ಕೈ ಮಾಡಿದವರು ಸುಮಾರು ಐದರಲ್ಲಿ ಒಬ್ಬರು. ಭದ್ರತಾ ಆಸ್ಪತ್ರೆಗೆ ವಾಪಸು ಕಳಿಸಬೇಕಾಗಿ ಬಂದವರು ನೂರಕ್ಕೆ ಮೂವರೂ ಇಲ್ಲ. 1981ರಲ್ಲಿ ಜಾನ್ ಮೊನಹನ್ ಎಂಬ ಮನಶ್ಶಾಸ್ತ್ರಜ್ಞ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ‘ಇವನು ಹಿಂಸೆಗಿಳಿಯುತ್ತಾನೆ’ ಎಂದು ತಜ್ಞರು ಹೇಳಿದ ಮೂರು ಸಲದಲ್ಲಿ ಹೆಚ್ಚೆಂದರೆ ಒಂದು ಸಲ ಆ ಮಾತು ನಿಜವಾಗಿತ್ತು.

ವೈದ್ಯರ ಬುದ್ಧಿವಂತಿಕೆ ಸಾಲದೆ ಹೀಗಾಯಿತು ಎನ್ನುವಂತಿಲ್ಲ. ಅವರಿಗೆ ಕೇಳಿದ ಪ್ರಶ್ನೆಯೇ ಅರೆಬರೆಯಾಗಿತ್ತು. ಜ್ವರ ಮೈಯೊಳಗೆ ಇರುತ್ತದೆ, ಥರ್ಮಾಮೀಟರಿನಿಂದ ಅಳೆಯಬಹುದು. ಹಿಂಸೆ ಹಾಗೆ ಯಾರ ಮೈಯೊಳಗೂ ಕೂತಿರುವುದಿಲ್ಲ. 1998ರಲ್ಲಿ ಪ್ರಕಟವಾದ ಮ್ಯಾಕ್‌ಆರ್ಥರ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ಮೂರು ನಗರಗಳ ಮಾನಸಿಕ ವಾರ್ಡುಗಳಿಂದ ಬಿಡುಗಡೆಯಾದ 1,136 ರೋಗಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ ಅದು. ಇವರು ನ್ಯಾಯಾಲಯದ ರೋಗಿಗಳಲ್ಲ, ಸಾಮಾನ್ಯ ರೋಗಿಗಳು. ಪಿಟ್ಸ್‌ಬರ್ಗ್ ನಗರದಲ್ಲಿ ಅವರನ್ನು ಅದೇ ಬೀದಿಗಳಲ್ಲಿ ವಾಸಿಸುವ ಇತರರ ಜೊತೆ ಹೋಲಿಸಿ ನೋಡಿದರು. ಕುಡಿತ, ಮಾದಕ ವಸ್ತುಗಳ ಚಟ ಇಲ್ಲದ ರೋಗಿಗಳಿಗೂ ಅವು ಇಲ್ಲದ ನೆರೆಹೊರೆಯವರಿಗೂ ಹಿಂಸೆಯ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚಟ ಸೇರಿಕೊಂಡಾಗ ಇಬ್ಬರಲ್ಲೂ ಹಿಂಸೆ ಹೆಚ್ಚಿತ್ತು, ರೋಗಿಗಳಲ್ಲಿ ಇನ್ನಷ್ಟು ಹೆಚ್ಚಿತ್ತು.

ಅಂದರೆ ಅದೇ ಮನುಷ್ಯ, ಅದೇ ಕಾಯಿಲೆ. ಒಂದು ಪರಿಸ್ಥಿತಿಯಲ್ಲಿ ತಣ್ಣಗಿರುತ್ತಾನೆ, ಇನ್ನೊಂದರಲ್ಲಿ ಸಿಡಿಯುತ್ತಾನೆ.

ಇಪ್ಪತ್ತು ಪ್ರಶ್ನೆಗಳು

ಹೀಗಾಗಿ ತಜ್ಞರು ‘ಇವನು ಅಪಾಯಕಾರಿಯೇ?’ ಎಂದು ಕೇಳುವುದನ್ನು ಬಿಟ್ಟು, ‘ಯಾವ ಸಂದರ್ಭದಲ್ಲಿ, ಯಾರಿಗೆ, ಯಾವ ಬಗೆಯ ಅಪಾಯ? ಅದರ ಮೊದಲ ಸುಳಿವು ಏನು?’ ಎಂದು ಕೇಳತೊಡಗಿದರು. ಈ ದಾರಿಯಲ್ಲಿ ಹುಟ್ಟಿದ ಸಲಕರಣೆಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಎಚ್‌ಸಿಆರ್-20. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ವೆಬ್‌ಸ್ಟರ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಹೊರತಂದರು. ಮೂರನೆಯ ಪರಿಷ್ಕರಣೆ 2013ರದ್ದು.

ಇದರಲ್ಲಿರುವುದು ಇಪ್ಪತ್ತು ಅಂಶಗಳ ಪಟ್ಟಿ. ಅದರ ಹಂಚಿಕೆಯನ್ನು ಗಮನಿಸಬೇಕು. ಹತ್ತು ಅಂಶಗಳು ಹಿಂದಿನದಕ್ಕೆ ಸೇರಿದ್ದು: ಹಳೆಯ ಹಿಂಸೆ, ಬಾಲ್ಯದ ಪೆಟ್ಟುಗಳು, ಕೆಲಸ ಮತ್ತು ಸಂಬಂಧಗಳ ಏರುಪೇರು, ಚಟ, ಕಾಯಿಲೆಯ ಚರಿತ್ರೆ. ಐದು ಅಂಶಗಳು ಇಂದಿನದಕ್ಕೆ: ತನಗೆ ಕಾಯಿಲೆಯಿದೆ ಎಂಬ ಅರಿವು, ರೋಗಲಕ್ಷಣ, ಹಿಂಸೆಯ ಆಲೋಚನೆ, ಮನಸ್ಸಿನ ಸ್ಥಿಮಿತ, ಚಿಕಿತ್ಸೆಗೆ ಸ್ಪಂದನೆ. ಕೊನೆಯ ಐದು ನಾಳೆಗೆ ಸೇರಿದ್ದು: ಹೊರಗೆ ಯಾವ ಸೇವೆ ಸಿಗುತ್ತದೆ, ಎಲ್ಲಿ ವಾಸ, ಜೊತೆಗೆ ಯಾರು, ಹೇಳಿದಂತೆ ನಡೆದುಕೊಳ್ಳುತ್ತಾನೆಯೇ, ಒತ್ತಡ ಬಂದರೆ ತಡೆದುಕೊಳ್ಳುತ್ತಾನೆಯೇ.

ಕಳೆದದ್ದನ್ನು ಯಾರೂ ತಿದ್ದಲಾರರು. ಅದೊಂದನ್ನೇ ನೋಡಿ ತೀರ್ಮಾನಿಸಿದರೆ ಯಾರೂ ಎಂದೂ ಹೊರಬರಲಾರರು. ಇಂದಿನದನ್ನು ಔಷಧಿ, ಮಾತಿನ ಚಿಕಿತ್ಸೆಗಳು ಬದಲಿಸಬಲ್ಲವು. ನಾಳಿನ ಐದು ಅಂಶಗಳು ಹೆಚ್ಚಾಗಿ ರೋಗಿಯ ಹೊರಗಿವೆ. ಬಾಡಿಗೆ ಮನೆ, ಹತ್ತಿರದ ಕ್ಲಿನಿಕ್ಕು, ಕೆಲಸ, ಫೋನ್ ಎತ್ತುವ ತಂಗಿ, ಬೀದಿಯ ಮೂಲೆಯ ಬಾರ್ ಎಲ್ಲವೂ ಅದರಲ್ಲಿ ಬರುತ್ತವೆ. ಇವನ್ನು ಮುಂಚಿತವಾಗಿಯೇ ಜೋಡಿಸಿಡಬಹುದು.

ಭವಿಷ್ಯ ಹೇಳುವ ಕೆಲಸ ಇಲ್ಲಿಗೆ ಭವಿಷ್ಯ ಕಟ್ಟುವ ಕೆಲಸವಾಯಿತು. ಆದರೆ ಒಬ್ಬ ಮನೋವೈದ್ಯರಿಗೆ ಬಾಡಿಗೆ ಮನೆ ಹುಡುಕಲು ಬರುವುದಿಲ್ಲ, ಬಾರ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ತಂಡ ಬೇಕಾಗುವುದು ಇಲ್ಲಿ.

ಒಬ್ಬರ ಕಣ್ಣಿಗೆ ಬೀಳದ್ದು

ಇಂಗ್ಲೆಂಡಿನ ಭದ್ರತಾ ವಾರ್ಡುಗಳಲ್ಲಿ ಬಿಡುಗಡೆಯ ಸಭೆಗೆ ಮೇಜಿನ ಸುತ್ತ ಏಳೆಂಟು ಜನ ಸೇರುವುದು ಸಾಮಾನ್ಯ. ಕಾಯಿಲೆಯ ಸ್ಥಿತಿ ಹೇಳಲು ಮನೋವೈದ್ಯರು. ರಾತ್ರಿ ಎರಡು ಗಂಟೆಗೆ ರೋಗಿ ಎದ್ದು ಓಡಾಡುತ್ತಾನೆಯೇ, ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳುತ್ತಾನೆಯೇ ಎಂದು ಬಲ್ಲ ನರ್ಸ್. ಹಿಂದಿನ ಕೃತ್ಯಕ್ಕೆ ಮುಂಚೆ ಅವನ ಮನಸ್ಸಿನಲ್ಲಿ ಏನೇನು ನಡೆದಿತ್ತು ಎಂದು ಬಿಡಿಸಿ ನೋಡಿದ ಮನಶ್ಶಾಸ್ತ್ರಜ್ಞೆ. ಅಡುಗೆ ಮಾಡಿಕೊಳ್ಳಬಲ್ಲನೇ, ಬಸ್ಸು ಹಿಡಿಯಬಲ್ಲನೇ, ಕೈಗೆ ದುಡ್ಡು ಕೊಟ್ಟರೆ ತಿಂಗಳವರೆಗೆ ಉಳಿಸಬಲ್ಲನೇ ಎಂದು ಮಾಡಿಸಿಯೇ ನೋಡಿದ ಆಕ್ಯುಪೇಷನಲ್ ಥೆರಪಿಸ್ಟ್. ಮನೆಯವರ ಜೊತೆ ಮಾತಾಡಿರುವ ಸೋಶಿಯಲ್ ವರ್ಕರ್. ಹೊರಗೆ ಹೋದ ಮೇಲೆ ಕೈಹಿಡಿಯಬೇಕಾದ ಊರಿನ ಚಿಕಿತ್ಸಾ ತಂಡದವರು. ಬಹುಪಾಲು ಸಂದರ್ಭಗಳಲ್ಲಿ ರೋಗಿ ಮತ್ತು ಅವನ ಕುಟುಂಬ.

ಇಷ್ಟೊಂದು ಜನ ಯಾಕೆ ಎನ್ನುವವರಿಗೆ ಸಿಗರೇಟಿನ ಉದಾಹರಣೆ ಕೊಡಬಹುದು. ಬೇರೆ ಔಷಧಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಪ್ರಬಲ ಔಷಧಿ ಕ್ಲೋಜಪೀನ್. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸುತ್ತವೆ. ಆ ಕಿಣ್ವ ಕ್ಲೋಜಪೀನನ್ನು ಬೇಗ ಬೇಗ ಒಡೆದುಹಾಕುತ್ತದೆ. ಧೂಮಪಾನ ನಿಷೇಧವಿರುವ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದ ರೋಗಿಗೆ ಅಲ್ಲಿನ ಸ್ಥಿತಿಗೆ ತಕ್ಕಂತೆ ಪ್ರಮಾಣ ನಿಗದಿಯಾಗಿರುತ್ತದೆ. ಅವನು ಹೊರಬಂದು ದಿನಕ್ಕೊಂದು ಪ್ಯಾಕ್ ಸೇದತೊಡಗಿದ ಎನ್ನಿ. ಒಂದು ಮಾತ್ರೆಯನ್ನೂ ತಪ್ಪಿಸದೆ ನುಂಗುತ್ತಿದ್ದರೂ ರಕ್ತದಲ್ಲಿ ಔಷಧಿಯ ಮಟ್ಟ ತೀರ ಕೆಳಗಿಳಿಯಬಹುದು, ಕಾಯಿಲೆ ಮರುಕಳಿಸಬಹುದು. ಈ ರಸಾಯನ ಗೊತ್ತಿರುವುದು ಫಾರ್ಮಸಿಸ್ಟಿಗೆ. ಆತ ಹಿಂದೆ ಸೇದುತ್ತಿದ್ದ ಎಂದು ಗೊತ್ತಿರುವುದು ಅಕ್ಕನಿಗೆ. ಕೋಣೆಯಲ್ಲಿ ಸಿಗರೇಟಿನ ತುಂಡುಗಳನ್ನು ನೋಡುವುದು ಮನೆಗೆ ಹೋಗಿಬರುವ ನರ್ಸ್. ಪ್ರಮಾಣ ಬದಲಿಸುವ ಅಧಿಕಾರ ವೈದ್ಯರದ್ದು. ನಾಲ್ವರೂ ಅವರವರ ಜಾಗದಲ್ಲಿ ಸರಿಯಾಗಿಯೇ ಇದ್ದು, ಒಬ್ಬರಿಗೊಬ್ಬರು ಮಾತಾಡದಿದ್ದರೆ ರೋಗಿ ಕೈತಪ್ಪುತ್ತಾನೆ.

ಹಾಗೆ ಕೈತಪ್ಪಿದ ಒಂದು ಪ್ರಕರಣ ಬ್ರಿಟನ್ನಿನ ವ್ಯವಸ್ಥೆಯನ್ನೇ ಅಲುಗಾಡಿಸಿತು. 1992ರ ಡಿಸೆಂಬರ್ 17ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ 27 ವರ್ಷದ ಸಂಗೀತಗಾರ ಜೊನಾಥನ್ ಜಿಟೊ ಅವರನ್ನು ಕ್ರಿಸ್ಟೋಫರ್ ಕ್ಲೂನಿಸ್ ಎಂಬ ಅಪರಿಚಿತ ಇರಿದು ಕೊಂದ. ಕ್ಲೂನಿಸ್ ಆಗ ನ್ಯಾಯಾಲಯದ ರೋಗಿಯಾಗಿರಲಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಲಂಡನ್ನಿನ ಹಲವು ಆಸ್ಪತ್ರೆಗಳಿಗೆ ದಾಖಲಾಗಿ ಹೊರಬಂದವನು. ಘಟನೆಗೆ ಕೆಲವೇ ದಿನ ಮುಂಚೆ ಸ್ಕ್ರೂಡ್ರೈವರ್ ಹಿಡಿದು ಓಡಾಡುತ್ತಿದ್ದಾನೆ ಎಂದು ಪೊಲೀಸರಿಗೆ ದೂರೂ ಹೋಗಿತ್ತು.

1994ರಲ್ಲಿ ಬಂದ ರಿಚೀ ತನಿಖಾ ವರದಿ ಹುಡುಕಿದರೂ ಒಬ್ಬ ಖಳನಾಯಕ ಸಿಗಲಿಲ್ಲ. ಸಿಕ್ಕಿದ್ದು ತಪ್ಪುಗಳ ಸಾಲು. ಹಿಂದಿನ ಹಲ್ಲೆಗಳನ್ನು ಹಗುರ ಮಾಡಿ ಬರೆದಿದ್ದರು, ಕೆಲವನ್ನು ಬರೆದೇ ಇರಲಿಲ್ಲ. ಒಂದು ಆಸ್ಪತ್ರೆಯ ಕಡತ ಇನ್ನೊಂದಕ್ಕೆ ತಲುಪಿರಲಿಲ್ಲ. ಪ್ರತಿಯೊಬ್ಬರೂ ಅವನನ್ನು ಹೊಸ ರೋಗಿಯೆಂಬಂತೆ ನೋಡಿದ್ದರು. ಒಟ್ಟು ಚಿತ್ರ ಯಾರ ಬಳಿಯೂ ಇರಲಿಲ್ಲ. ಮದುವೆಯಾಗಿ ಕೆಲವೇ ತಿಂಗಳಿಗೆ ಗಂಡನನ್ನು ಕಳೆದುಕೊಂಡ ಜೇನ್ ಜಿಟೊ ಟ್ರಸ್ಟ್ ಕಟ್ಟಿ ಈ ವ್ಯವಸ್ಥೆಯ ಸುಧಾರಣೆಗಾಗಿ ಹೋರಾಡಿದರು. ಗಂಭೀರ ಅಪಾಯವಿರುವವರ ವಿಷಯದಲ್ಲಿ ಪೊಲೀಸ್, ಪ್ರೊಬೇಷನ್, ಜೈಲು ಇಲಾಖೆಗಳು ಒಟ್ಟಿಗೆ ಕೂತು ಮಾಹಿತಿ ಹಂಚಿಕೊಳ್ಳುವ, ಆರೋಗ್ಯ ಮತ್ತು ವಸತಿ ಇಲಾಖೆಗಳು ಅದಕ್ಕೆ ಸಹಕರಿಸಬೇಕಾದ ಮಾಪಾ ಎಂಬ ಏರ್ಪಾಡು 2001ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾನೂನಿನ ಬಲದಿಂದಲೇ ನಡೆಯುತ್ತಿದೆ.

ಚಪ್ಪರದ ನೆರಳು

ತಂಡ ಸೇರಿತು, ಪಟ್ಟಿ ತುಂಬಿತು. ಬಾಗಿಲು ತೆರೆಯುವುದು ಹೇಗೆ?

ಮಲೆನಾಡಿನ ಕಾಫಿ ನರ್ಸರಿಗಳಲ್ಲಿ ಸಸಿಗಳನ್ನು ಚಪ್ಪರದ ನೆರಳಲ್ಲಿ ಬೆಳೆಸುತ್ತಾರೆ. ನೆಡುವ ಕಾಲ ಬಂತೆಂದು ಚಪ್ಪರವನ್ನು ಒಂದೇ ದಿನ ಕಿತ್ತೆಸೆಯುವುದಿಲ್ಲ. ಮಳೆಗಾಲ ಸಮೀಪಿಸಿದಂತೆ ನೆರಳನ್ನು ಸ್ವಲ್ಪ ಸ್ವಲ್ಪ ತೆಳುವಾಗಿಸುತ್ತಾರೆ. ಎಲೆ ಬಾಡಿದ ಗಿಡ ಕಂಡರೆ ಅದಕ್ಕೆ ಇನ್ನಷ್ಟು ದಿನ ನೆರಳು. ಬಿಸಿಲಿಗೆ ಸಸಿ ಹೊಂದಿಕೊಳ್ಳುವುದೂ, ಯಾವುದು ಹೊಂದಿಕೊಂಡಿಲ್ಲ ಎಂದು ತೋಟದವನಿಗೆ ತಿಳಿಯುವುದೂ ಒಟ್ಟೊಟ್ಟಿಗೆ ನಡೆಯುತ್ತವೆ.

ನ್ಯಾಯಾಲಯದ ರೋಗಿಗಳಿಗೆ ಕೊಡುವ ಹಂತಹಂತದ ರಜೆಯ ಹಿಂದಿರುವುದು ಇದೇ ಲೆಕ್ಕ. ನೆದರ್‌ಲ್ಯಾಂಡ್ಸಿನಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲು: ಸಿಬ್ಬಂದಿಯ ಜೊತೆ ಹೊರಗೆ, ಒಬ್ಬನೇ ಹೊರಗೆ, ಆಸ್ಪತ್ರೆಯ ಹೊಣೆಯಲ್ಲೇ ಹೊರಗಿನ ಮನೆಯಲ್ಲಿ ವಾಸ, ಕೊನೆಗೆ ಪ್ರೊಬೇಷನ್ ಇಲಾಖೆಯ ಕಣ್ಣಳತೆಯಲ್ಲಿ ಪ್ರಾಯೋಗಿಕ ಬಿಡುಗಡೆ. ಅಲ್ಲಿ ರಜೆ ಕೊಡಲು ಸರ್ಕಾರದ ಮಂತ್ರಿಯ ಒಪ್ಪಿಗೆ ಬೇಕು.

ಹಿಂಕ್ಲಿಯ ಕಥೆ ಈ ಮೆಟ್ಟಿಲುಗಳನ್ನು ಅತಿ ನಿಧಾನವಾಗಿ ಹತ್ತಿದ ಕಥೆ. 1987ರಲ್ಲಿ ಆಸ್ಪತ್ರೆ ಅವನಿಗೆ ಈಸ್ಟರ್ ಹಬ್ಬಕ್ಕೆ ಮನೆಗೆ ಹೋಗಿಬರಲು ಅನುಮತಿ ಕೇಳಿತು. ಅಷ್ಟರಲ್ಲಿ ಅವನು ಸರಣಿ ಕೊಲೆಗಾರ ಟೆಡ್ ಬಂಡಿಗೆ ಪತ್ರ ಬರೆದಿದ್ದ ಸಂಗತಿ ಹೊರಬಿದ್ದು ಆಸ್ಪತ್ರೆಯೇ ಅರ್ಜಿ ಹಿಂತೆಗೆದುಕೊಂಡಿತು. ಮುಂದಿನ ಹೆಜ್ಜೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1999ರಿಂದ ಸಿಬ್ಬಂದಿಯೊಂದಿಗೆ ಹೊರಗೆ. 2003ರ ಕೊನೆಗೆ, ಸಿಬ್ಬಂದಿಯಿಲ್ಲದೆ ತಂದೆತಾಯಿಯ ಜೊತೆ ವಾಷಿಂಗ್ಟನ್ ಸುತ್ತಮುತ್ತ. ನಂತರ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿದ್ದ ಮನೆಗೆ ಮೂರ್ನಾಲ್ಕು ರಾತ್ರಿಗಳ ಭೇಟಿ. ಆಮೇಲೆ ಹತ್ತು ದಿನ. 2013ರ ಕೊನೆಗೆ ತಿಂಗಳಿಗೆ ಹದಿನೇಳು ದಿನ.

ಈ ಭೇಟಿಗಳ ನಡುವೆ 2011ರಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಸಿನಿಮಾಗೆ ಹೋಗುತ್ತೇನೆಂದು ಹೇಳಿದ್ದ ಹಿಂಕ್ಲಿ ಸಿನಿಮಾಗೆ ಹೋಗದೆ ಪುಸ್ತಕದಂಗಡಿಗೆ ಹೋದ. ರೇಗನ್ ಕುರಿತ ಪುಸ್ತಕಗಳಿದ್ದ ಕಪಾಟಿನತ್ತ ಕಣ್ಣು ಹಾಯಿಸಿದ. ಆಸ್ಪತ್ರೆಗೆ ಮರಳಿ ಸಿನಿಮಾ ನೋಡಿದೆ ಎಂದ. ದೂರದಿಂದ ಗಮನಿಸುತ್ತಿದ್ದ ಸೀಕ್ರೆಟ್ ಸರ್ವಿಸ್ ಸಿಬ್ಬಂದಿಯಿಂದ ನಿಜ ಗೊತ್ತಾಯಿತು. ಪುಸ್ತಕ ನೋಡುವುದು ಅಪರಾಧವಲ್ಲ. ಆದರೆ ತಂಡಕ್ಕೂ ಸರ್ಕಾರಿ ವಕೀಲರಿಗೂ ಅದು ವರ್ಷಗಟ್ಟಲೆ ಚರ್ಚೆಯ ವಿಷಯವಾಯಿತು. ಹಳೆಯ ಗೀಳು ಮರಳಿದೆಯೇ, ಅಥವಾ ಕಾಯಿಲೆಗೆ ಸಂಬಂಧವಿಲ್ಲದ ಸಣ್ಣ ಸುಳ್ಳೇ? ಕೋಣೆಯಲ್ಲಿ ಎದುರು ಕೂತು ಗಂಟೆಗಟ್ಟಲೆ ಮಾತಾಡಿದ್ದರೂ ಹೊರಬೀಳದ ಪ್ರಶ್ನೆ ಅದು. ಹೊರಗೆ ಬಿಟ್ಟದ್ದರಿಂದ ಕಂಡಿತು. ಇನ್ನೊಂದು ತಪ್ಪು ನಡೆಗೆ ಎಡೆಯಿಲ್ಲದಂತೆ ಮುಂದಿನ ಭೇಟಿಗಳ ನಿಯಮಗಳನ್ನು ಬಿಗಿಮಾಡಲೂ ದಾರಿ ತೋರಿತು.

ತಂಡದ ಮತ್ತೊಂದು ಚಿಂತೆ ತಾಯಿಯ ವಯಸ್ಸು. ಆಕೆಗೆ ತೊಂಬತ್ತು. ಆಕೆ ಹೋದ ಮೇಲೆ ಇವನ ಜೊತೆಗೆ ಯಾರು? ಅಣ್ಣ, ಅಕ್ಕ ಇಬ್ಬರನ್ನೂ ಯೋಜನೆಯೊಳಗೆ ಸೇರಿಸಿಕೊಳ್ಳಲಾಯಿತು. 2016ರ ಸೆಪ್ಟೆಂಬರಿನಲ್ಲಿ ಹಿಂಕ್ಲಿ ಆಸ್ಪತ್ರೆ ಬಿಟ್ಟು ತಾಯಿಯ ಮನೆ ಸೇರಿದ. 2021ರಲ್ಲಿ ತಾಯಿ ತೀರಿಕೊಂಡಾಗ ಯೋಜನೆ ಕುಸಿಯಲಿಲ್ಲ.

ಷರತ್ತಿನ ಕೆಲಸ

ಆಸ್ಪತ್ರೆ ಬಿಟ್ಟರೂ ಹಿಂಕ್ಲಿ ಆಗಲೇ ಸ್ವತಂತ್ರನಾಗಲಿಲ್ಲ. ವಾರಕ್ಕೆ ಕನಿಷ್ಠ ಮೂರು ದಿನ ಕೆಲಸ ಅಥವಾ ಸೇವೆ ಮಾಡಬೇಕು. ಚಿಕಿತ್ಸೆಗೆ ತಪ್ಪಿಸುವಂತಿಲ್ಲ. ಆಯುಧ, ಮದ್ಯ ಕೂಡದು. ನಟಿ ಫಾಸ್ಟರ್, ರೇಗನ್ ಹಾಗೂ ಬ್ರೇಡಿ ಕುಟುಂಬ, ಮಾಧ್ಯಮ ಯಾರನ್ನೂ ಸಂಪರ್ಕಿಸುವಂತಿಲ್ಲ. ಇದನ್ನು ಷರತ್ತಿನ ಬಿಡುಗಡೆ ಎನ್ನುತ್ತಾರೆ. ಹಿಂಸೆ ನಡೆಯುವವರೆಗೆ ಕಾಯದೆ, ಷರತ್ತು ಸಡಿಲವಾದೊಡನೆ ಮಧ್ಯೆ ಪ್ರವೇಶಿಸಲು ಅವಕಾಶವಿರುವುದೇ ಇದರ ಶಕ್ತಿ. ಮಾತ್ರೆ ನುಂಗದಿದ್ದರೆ ತಿಂಗಳುಗಟ್ಟಲೆ ಯಾರಿಗೂ ತಿಳಿಯದು. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿಗೆ ಬಾರದಿದ್ದರೆ ನರ್ಸಿಗೆ ಅದೇ ದಿನ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಷರತ್ತಿನ ಮೇಲೆ ಹೊರಗಿರುವ ರೋಗಿಯ ಸ್ಥಿತಿ ಕೆಟ್ಟರೆ ನ್ಯಾಯಾಂಗ ಸಚಿವಾಲಯ ಅವನನ್ನು ವಾಪಸು ಕರೆಸಿಕೊಳ್ಳಬಹುದು. ಯಾವ ಊರು, ಯಾವ ಬೀದಿಗೆ ಅವನು ಕಾಲಿಡಬಾರದು ಎಂದು ಸಂತ್ರಸ್ತರ ಕುಟುಂಬವೂ ಕೇಳಿಕೊಳ್ಳಬಹುದು.

ತೀರ್ಮಾನ ಕೊಡುವ ಕುರ್ಚಿಯಲ್ಲೂ ಒಬ್ಬರೇ ಇರಬೇಕಿಲ್ಲ. ಅಮೆರಿಕದ ಆರಿಗನ್ ರಾಜ್ಯ 1978ರಿಂದ ಈ ಕೆಲಸವನ್ನು ಐವರ ಮಂಡಳಿಗೆ ವಹಿಸಿತು. ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ವಕೀಲ, ಪ್ರೊಬೇಷನ್ ಅನುಭವಿಯೊಬ್ಬ, ಜೊತೆಗೆ ಸಾಮಾನ್ಯ ನಾಗರಿಕನೊಬ್ಬ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲವಿದೆಯೇ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಡುಗಡೆಯಾದ ನ್ಯಾಯಾಲಯದ ರೋಗಿಗಳು ಮತ್ತೆ ಅಪರಾಧ ಎಸಗುವ ಪ್ರಮಾಣ ಜೈಲಿನಿಂದ ಬಿಡುಗಡೆಯಾದವರಿಗಿಂತ ಕಡಿಮೆ. ಅದೇ ಅಧ್ಯಯನಗಳು ಇನ್ನೊಂದು ಕಹಿ ಸಂಗತಿಯನ್ನೂ ಹೇಳುತ್ತವೆ. ಈ ರೋಗಿಗಳ ಅಕಾಲ ಮರಣ ಸಾಮಾನ್ಯರಿಗಿಂತ ತುಂಬ ಹೆಚ್ಚು, ಆತ್ಮಹತ್ಯೆ ಅದರ ಒಂದು ಮುಖ್ಯ ಕಾರಣ. ಊರಿಗೆ ಇವರಿಂದ ಅಪಾಯ ಎಂದು ಹೆದರುವವರು, ಇವರಿಗೆ ಇವರಿಂದಲೇ ಇರುವ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ತಂಡ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳುತ್ತದೆ.

ಒಂದು ರೂಪಾಯಿಯ ಮುಚ್ಚಳಿಕೆ

ಭಾರತದಲ್ಲಿ ಇದರ ಎದುರು ದಿಕ್ಕಿನ ಕಥೆಯೊಂದಿದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಹಲ್ಲೆಯ ಆರೋಪದ ಮೇಲೆ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು. 1967ರಲ್ಲಿ ಆಸ್ಪತ್ರೆ ಅವರು ಗುಣವಾಗಿದ್ದಾರೆ ಎಂದು ಬರೆಯಿತು. ಅದರ ನಂತರ ಅವರನ್ನು ಮನೆಗೆ ಕಳಿಸುವ ಬದಲು ಗುವಾಹಟಿಯ ಜೈಲಿಗೆ ಕಳಿಸಿದರು. ವಿಚಾರಣೆ ಎಂದೂ ನಡೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದ ಮೇಲೆ, 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಆಗ ಅವರಿಗೆ 77. ಒಳಗೆ ಕಳೆದದ್ದು 54 ವರ್ಷ.

ಯಾರೋ ಒಬ್ಬರು ಅವರನ್ನು ಹಟದಿಂದ ಕೂಡಿಹಾಕಿದ್ದರು ಎನ್ನುವಂತಿಲ್ಲ. ಅವರನ್ನು ಹೊರಗೆ ಕಳಿಸುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಆಸ್ಪತ್ರೆ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಂಡಿತು. ಜೈಲು ಕಾಗದಕ್ಕೆ ಕಾಯುತ್ತ ಕೂತಿತು. ಕೋರ್ಟಿಗೆ ಯಾರೂ ನೆನಪಿಸಲಿಲ್ಲ. ಕ್ಲೂನಿಸ್ ಪ್ರಕರಣದಲ್ಲಿ ಹರಿದು ಹಂಚಿಹೋದ ಜವಾಬ್ದಾರಿ ಒಂದು ಜೀವ ತೆಗೆದಿತ್ತು. ಇಲ್ಲಿ ಅದೇ ರೋಗ ಒಬ್ಬರ ಇಡೀ ಬದುಕನ್ನು ನುಂಗಿತು.

ನಮ್ಮ ಕಾನೂನು ಏನು ಹೇಳುತ್ತದೆ? ಮಾನಸಿಕ ಅಸ್ವಸ್ಥತೆಯಿಂದ ನಿರ್ದೋಷಿ ಎನಿಸಿದವನನ್ನು ಸುರಕ್ಷಿತ ಸ್ಥಳದಲ್ಲಿ ಇರಿಸಬೇಕು, ಇಲ್ಲವೇ ಸಂಬಂಧಿಕರೋ ಸ್ನೇಹಿತರೋ ಜಾಮೀನು ಕೊಟ್ಟು ಕರೆದುಕೊಂಡು ಹೋಗಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಈ ಏರ್ಪಾಡು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಅವನನ್ನು ನೋಡಿಕೊಳ್ಳುವುದು, ಅವನಿಂದ ಯಾರಿಗೂ ಕೇಡಾಗದಂತೆ ತಡೆಯುವುದು, ಕರೆದಾಗ ತಂದು ಹಾಜರುಪಡಿಸುವುದು ಎಲ್ಲವೂ ಸಹಿ ಹಾಕಿದ ಆ ಅಣ್ಣನ ಅಥವಾ ತಾಯಿಯ ಹೆಗಲಿಗೆ. ಅನೇಕ ವೇಳೆ ಕೃತ್ಯಕ್ಕೆ ಬಲಿಯಾದವರೂ ಅದೇ ಕುಟುಂಬದವರೇ ಆಗಿರುತ್ತಾರೆ. ಸಹಿ ಹಾಕುವವರು ಸಿಗದಿದ್ದರೆ ಬಾಗಿಲು ತೆರೆಯುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಕಲಮು ಇದಕ್ಕಿಂತ ಮುಂದೆ ಹೋಗಿದೆ. ಮಾನಸಿಕ ಆಸ್ಪತ್ರೆಯಿಂದ ಯಾರನ್ನೇ ಕಳಿಸುವಾಗಲೂ ರೋಗಿ, ಅವನು ನೇಮಿಸಿಕೊಂಡ ಪ್ರತಿನಿಧಿ, ಜೊತೆಗಿರಲಿರುವ ಕುಟುಂಬದವರು, ಮುಂದೆ ನೋಡಿಕೊಳ್ಳಲಿರುವ ಮನೋವೈದ್ಯರು ಮತ್ತು ಅಗತ್ಯವಿರುವ ಇತರರ ಜೊತೆ ಸಮಾಲೋಚಿಸಿ ಮುಂದಿನ ಚಿಕಿತ್ಸೆಯ ಯೋಜನೆ ಸಿದ್ಧಪಡಿಸಬೇಕು ಎನ್ನುತ್ತದೆ. ಆ ಹೊಣೆ ಚಿಕಿತ್ಸೆ ಕೊಟ್ಟ ಮನೋವೈದ್ಯರದ್ದು. ತಂಡದ ಬಿಡುಗಡೆ ಯೋಜನೆ ಎಂದರೆ ಇದೇ. ನಮ್ಮ ಕಾನೂನಿನಲ್ಲಿ ಆಗಲೇ ಇದೆ.

ಕರ್ನಾಟಕದ ಮಟ್ಟಿಗೆ ಅದನ್ನು ನಡೆಸಲು ಬೇಕಾದ ತುಂಡುಗಳೂ ಕೆಲವು ಕೈಯಲ್ಲಿವೆ. ತಾಲ್ಲೂಕು ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗ ತೋರಿಸಿಕೊಟ್ಟಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕುಗಳಿವೆ, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಗೂ ಮನೆಗೂ ನಡುವೆ ಇರಬೇಕಾದ ವಸತಿಗಳು ಮಾತ್ರ ತೀರ ಕಡಿಮೆ. ಸರ್ಕಾರ ಅಂಥ ವಸತಿಗಳನ್ನು ಒದಗಿಸಬೇಕೆಂದು ಅದೇ 2017ರ ಕಾಯ್ದೆಯ 19ನೇ ಕಲಮು ಹೇಳುತ್ತದೆ.

ಆಗಬೇಕಾದ ಕೆಲಸ ಸ್ಪಷ್ಟವಿದೆ. ನ್ಯಾಯಾಲಯದ ರೋಗಿಯನ್ನು ಬಿಡುವ ಮುನ್ನ ಜಾಮೀನು ಕಾಗದದ ಜೊತೆಗೆ 98ನೇ ಕಲಮಿನ ಯೋಜನೆಯನ್ನೂ ಕೋರ್ಟು ಕೇಳಬೇಕು. ಇಂಜೆಕ್ಷನ್ ಕೊಡುವವರು ಯಾರು, ಬಾರದಿದ್ದರೆ ಮನೆಗೆ ಹೋಗಿ ನೋಡುವವರು ಯಾರು, ರಾತ್ರಿ ಹೊತ್ತು ಕುಟುಂಬ ಯಾರಿಗೆ ಫೋನ್ ಮಾಡಬೇಕು ಎಂದು ಆ ಹಾಳೆಯಲ್ಲಿ ಹೆಸರು ಹೆಸರಾಗಿ ಬರೆದಿರಬೇಕು. ಒಬ್ಬ ತಾಯಿಯ ಸಹಿ ಏಳೆಂಟು ಜನರ ಕೆಲಸ ಮಾಡಲಾರದು.